ಮೆಟ್ಟಿಲು ಮರೆತು ಕಟ್ಟಿದ ಪುರಭವನಕ್ಕೆ

ಮಾನ್ಯ ಹಳೆಯ ಪುರಭವನದವರೇ,

ನೂರಿಪ್ಪತ್ತು ವರ್ಷಗಳಿಂದ ಊರಿನ ನಟ್ಟನಡುವೆ ಅಲುಗಾಡದೆ ನಿಂತು, ಬಂದವರನ್ನೂ ನಿಲ್ಲಿಸಿಯೇ ಕಳುಹಿಸುತ್ತಿರುವ ತಮಗೆ, ಎದುರಂಗಡಿಯಲ್ಲಿ ಕೂತು ಬಟ್ಟೆ ಹೊಲಿಯುವ ಮುದುಕ ದರ್ಜಿಯ ಸವಿನಯ ನಮಸ್ಕಾರಗಳು. ತಮ್ಮ ಗುಮ್ಮಟ, ಕಮಾನು, ಎರಡಾಳೆತ್ತರದ ಕಿಟಕಿಗಳ ಬಗ್ಗೆ ನನ್ನ ತಕರಾರೇನೂ ಇಲ್ಲ.

ತಮ್ಮನ್ನು ಕಟ್ಟಿಸಿದ ಮಹಾಶಯರು ಮಹಡಿ, ಸಭಾಂಗಣ, ಗುಮ್ಮಟ ಎಲ್ಲ ಮುಗಿಸಿದ ಮೇಲೆ, ಉದ್ಘಾಟನೆಯ ದಿನ ಬೆಳಿಗ್ಗೆ, ಮೇಲೆ ಹತ್ತಲು ಮೆಟ್ಟಿಲೇ ಇಲ್ಲವೆಂಬುದನ್ನು ಗಮನಿಸಿದರಂತೆ. ಅಂದು ನಗರಾಧ್ಯಕ್ಷರು ಏಣಿ ಹತ್ತಿ, ಕಿಟಕಿಯಿಂದ ಒಳಗೆ ಹೋಗಿ ಭಾಷಣ ಮಾಡಿದರೆಂದು ತಮ್ಮ ಬಾಗಿಲ ಫಲಕವೇ ಹೆಮ್ಮೆಯಿಂದ ಸಾರುತ್ತದೆ. ತೋಳಿಡಲು ಮರೆತು ಕೋಟು ಹೊಲಿದಿದ್ದರೆ ನನ್ನ ಗಿರಾಕಿಗಳು ನನಗೆ ಫಲಕ ಹಾಕಿಸುತ್ತಿರಲಿಲ್ಲ. ಆಮೇಲೆ ಸಿಕ್ಕ ಸಂದಿಯಲ್ಲಿ ಅರವತ್ತೆಂಟು ಮೆಟ್ಟಿಲು ತುರುಕಿದರು, ಒಂದೊಂದೂ ಸ್ಟೂಲಿನಷ್ಟು ಎತ್ತರ.

ನನಗೀಗ ಎಪ್ಪತ್ತೊಂದು; ನಾನು ಮದುವೆಯಾಗಲಿರುವ ನಿವೃತ್ತ ಲೆಕ್ಕದ ಟೀಚರಿಗೆ ಅರವತ್ತಾರು. ಇಬ್ಬರಿಗೂ ಮನಸ್ಸಿದೆ, ಮಕ್ಕಳ ಒಪ್ಪಿಗೆಯಿದೆ, ಟೀಚರ ಮೊಣಕಾಲಿನ ಒಪ್ಪಿಗೆ ಮಾತ್ರ ಸಿಕ್ಕಿಲ್ಲ. ವಿವಾಹ ನೋಂದಣಿ ಕಚೇರಿ ಇರುವುದು ತಮ್ಮ ನೆತ್ತಿಯ ಮೇಲೆ. ನಾಲ್ಕು ತಿಂಗಳಲ್ಲಿ ಐದು ಸಲ ಹೊರಟಿದ್ದೇವೆ. ಪ್ರತಿಸಲವೂ ನಲವತ್ತೊಂದನೆಯ ಮೆಟ್ಟಿಲಲ್ಲಿ ಕುಸಿದು ಕೂತು, “ಇನ್ನೂ ಇಪ್ಪತ್ತೇಳು ಇದೆ ಕಣ್ರೀ, ನನ್ ಕೈಲಾಗಲ್ಲ” ಎಂದು ಅವರು ಲೆಕ್ಕ ತಪ್ಪದೆ ಹೇಳುತ್ತಾರೆ. ಅವರ ಕೈ ಹಿಡಿದು ಇಳಿಸುವಾಗ ನನಗೆ ಅಳುವೇ ಬರುತ್ತದೆ. ರಿಜಿಸ್ಟರನ್ನು ಕೆಳಗೆ ತರಿಸಿ ಎಂದರೆ, ಪಾರಂಪರಿಕ ಕಟ್ಟಡದಲ್ಲಿ ಒಂದು ಕುರ್ಚಿಯನ್ನೂ ಕದಲಿಸುವಂತಿಲ್ಲ ಎನ್ನುತ್ತಾರೆ ನೋಂದಣಾಧಿಕಾರಿಗಳು. ಲಿಫ್ಟ್ ಬೇಕೆಂದು ನಾನು ಅರ್ಜಿ ಒಯ್ದರೆ, ಕಾಲುನೋವಿದ್ದವರೇ ಖುದ್ದಾಗಿ ಮೇಲೆ ಬಂದು ಕೊಡಬೇಕಂತೆ.

ಆದ್ದರಿಂದ ತಾವೇ ದೊಡ್ಡ ಮನಸ್ಸು ಮಾಡಿ ಒಂದು ಹತ್ತು ನಿಮಿಷ ನೆಲದ ಮೇಲೆ ಕೂರಬೇಕೆಂದು ಪ್ರಾರ್ಥಿಸುತ್ತೇನೆ. ಇಷ್ಟು ವರ್ಷ ನಿಂತಿದ್ದೀರಿ, ತಮಗೂ ಕಾಲು ಸೋತಿರಬೇಕು. ಅದು ಆಗದಿದ್ದರೆ, ನಾನು ಪ್ಯಾಂಟಿನ ಅಂಚು ಬಿಚ್ಚಿ ಉದ್ದ ಇಳಿಸಿಕೊಡುವಂತೆ, ಏಣಿ ಹಾಕಿದ್ದ ಆ ಕಿಟಕಿಯನ್ನಾದರೂ ಬೀದಿಯವರೆಗೆ ಇಳಿಸಿಕೊಡಿ.

ತಮ್ಮ ವಿಶ್ವಾಸಿ,
ಎದುರಂಗಡಿಯ ದರ್ಜಿ
(ನಾಲ್ಕು ತಿಂಗಳಿಂದ ಮದುಮಗ)

ವಿ.ಸೂ.: ಪತ್ರ ಮಡಿಸುವಷ್ಟರಲ್ಲಿ ಸುದ್ದಿ ಬಂತು. ತಮ್ಮ ಇಪ್ಪತ್ತಮೂರನೆಯ ಮೆಟ್ಟಿಲಿನ ಸಡಿಲ ಕಲ್ಲಿನ ಮೇಲೆ ಇಂದು ಬೆಳಿಗ್ಗೆ ನೋಂದಣಾಧಿಕಾರಿಗಳ ಕಾಲು ಉಳುಕಿತಂತೆ. ಮಧ್ಯಾಹ್ನದೊಳಗೆ ಮೇಜು, ಕುರ್ಚಿ, ರಿಜಿಸ್ಟರ್ ಎಲ್ಲ ಕೆಳಗಿನ ಕಾವಲುಗಾರನ ಕೋಣೆಗೆ ಇಳಿದಿವೆ. ಪರಂಪರೆಗೆ ಒಂದು ಗೀರೂ ಬಿದ್ದಿಲ್ಲ. ನಾಳೆ ಹನ್ನೊಂದು ಗಂಟೆಗೆ ನಮ್ಮ ಮದುವೆ. ಸಾಹೇಬರ ಕಾಲು ಬೇಗ ವಾಸಿಯಾಗಲಿ, ಆದರೆ ಹನ್ನೆರಡರ ಮೇಲೆ.