ಚಕ್ರದಡಿಯ ನಿಂಬೆಹಣ್ಣು

ಕೆಲವರು ಹುಟ್ಟುವಾಗಲೇ ಏನಾದರೊಂದು ಉಪಯೋಗಕ್ಕೆಂದು ಹುಟ್ಟಿರುತ್ತಾರೆ. ನಾನು ಆ ಪೈಕಿಯವನಲ್ಲ ಎಂಬುದನ್ನು ಧಾರವಾಡದ ನಮ್ಮಜ್ಜ ಬಹಳ ಬೇಗ ಕಂಡುಹಿಡಿದಿದ್ದ. ನಾನು ಕಟ್ಟೆಯ ಮೇಲೆ ಕಾಲು ಇಳಿಬಿಟ್ಟು ಕೂತದ್ದು ಕಂಡರೆ ಸಾಕು, "ಕೂಳಿಗೆ ದಂಡ, ಭೂಮಿಗೆ ಭಾರ" ಅನ್ನುತ್ತಿದ್ದ. ಅದರಲ್ಲಿ ಸಿಟ್ಟೇನೂ ಇರುತ್ತಿರಲಿಲ್ಲ. ಇವತ್ತು ಬುಧವಾರ ಅಂತ ಹೇಳುವ ಹಾಗೆ ಹೇಳುತ್ತಿದ್ದ. ಮುಂದೆ ನಾನು ಪುಣೆಗೆ ಬಂದು ಧನಕವಡಿ ಕಡೆಯ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಇಂಗ್ಲಿಷ್ ಮೇಷ್ಟ್ರಾದೆ. ಯಂತ್ರಗಳ ನಡುವೆ ಇಂಗ್ಲಿಷ್ ಮೇಷ್ಟ್ರೆಂದರೆ ಮದುವೆ ಮನೆಯಲ್ಲಿ ಗಂಡಿನ ಕಡೆಯ ದೂರದ ಸೋದರಮಾವ ಇದ್ದ ಹಾಗೆ. ಮರ್ಯಾದೆ ಉಂಟು, ಕೆಲಸವಿಲ್ಲ.

ಇಂಥ ನನ್ನನ್ನು ಹುಡುಗರ ಸೋಲಾರ್ ಕಾರಿನ ತಂಡಕ್ಕೆ ಮಾರ್ಗದರ್ಶಕನನ್ನಾಗಿ ಮಾಡಿದರು. ಬಿಸಿಲಿನಿಂದ ಓಡುವ ಕಾರು ಕಟ್ಟುವುದು, ಬೇರೆ ಕಾಲೇಜುಗಳ ಕಾರುಗಳ ಜೊತೆ ಓಡಿಸುವುದು, ಇದು ತಂಡದ ಕೆಲಸ. ಮೋಟಾರು ಬಲ್ಲ ಪ್ರಾಧ್ಯಾಪಕರಿಗೆಲ್ಲ ಅದರ ಕಷ್ಟ ಗೊತ್ತಿದ್ದುದರಿಂದ ಅವರು ಒಬ್ಬೊಬ್ಬರೇ ಜಾರಿಕೊಂಡರು. ಗೊತ್ತಿಲ್ಲದವನು ನಾನೊಬ್ಬನೇ ಉಳಿದೆ. ತಂಡದ ನಾಯಕಿ ತುಮಕೂರಿನ ಚೈತ್ರಾ. ಗಾಳಿ ಜೋರಾಗಿ ಬೀಸಿದರೆ ಕಾತ್ರಜ್ ಘಾಟಿನಾಚೆ ಹೋಗಿ ಬೀಳುವಷ್ಟು ತೆಳ್ಳಗಿನ ಹುಡುಗಿ, ಹಾಗಾಗಿ ಇಕ್ಕಟ್ಟಿನ ಸೀಟಿನಲ್ಲಿ ಕೂತು ಓಡಿಸುವವಳೂ ಅವಳೇ. ಮೊದಲ ದಿನವೇ ಕೇಳಿದಳು: "ಸಾರ್, ನಿಮ್ಮದು ಮೆಕ್ಯಾನಿಕಲ್ಲಾ, ಎಲೆಕ್ಟ್ರಿಕಲ್ಲಾ?" ನಾನು "ವ್ಯಾಕರಣ" ಅಂದೆ. ಅವಳು ಮರ್ಯಾದೆಗೆ ನಕ್ಕಳು.

ಆದರೂ ಏನಾದರೂ ಮಾಡಬೇಕಲ್ಲ. ನನಗೆ ಗೊತ್ತಿದ್ದದ್ದು ಒಂದೇ. ನಮ್ಮ ಕಡೆ ಖಂಡೇನವಮಿಯ ಆಯುಧಪೂಜೆಯ ದಿನವಿರಲಿ, ಹೊಸ ಗಾಡಿ ತಂದ ದಿನವಿರಲಿ, ಚಕ್ರದಡಿ ನಿಂಬೆಹಣ್ಣು ಇಟ್ಟು, ಅದನ್ನು ಚಚ್ಚಿಕೊಂಡೇ ಗಾಡಿ ಹೊರಡಬೇಕು. ಮೊದಲ ಕಾರು ಹೊರಬಿದ್ದ ದಿನ ನಾನೇ ಬಗ್ಗಿ ಹಣ್ಣು ಇಟ್ಟೆ. ಆ ಕಾರೋ, ಕಬ್ಬಿಣದ ಚೌಕಟ್ಟಿನ ಮೇಲೆ ಮನೆಯ ಮಾಳಿಗೆಗೆ ಹಾಕುವ ಗಾಜಿನ ಸೋಲಾರ್ ಪ್ಯಾನೆಲ್‌ಗಳನ್ನು ಹೊದಿಸಿದ್ದು. ಗೇಟಿನ ಹತ್ತಿರ ನಿಲ್ಲಿಸಿದ್ದಾಗ ಯಾರೋ ಚಹಾದಂಗಡಿ ಅಂದುಕೊಂಡು ಬಂದು ಎರಡು ಚಹಾ ಹೇಳಿ ಕೂತಿದ್ದರು. ಹಣ್ಣು ಚಟ್ನಿಯಾಯಿತು, ಎಲ್ಲರೂ ಚಪ್ಪಾಳೆ ತಟ್ಟಿದರು. ಕಾರು ಅಷ್ಟು ಭಾರವಿದ್ದದ್ದರಿಂದ ಕಾಲೇಜಿನ ಹಿಂದಿನ ಏರು ಮಾತ್ರ ಹತ್ತಲಿಲ್ಲ. ಹುಡುಗರು ತಳ್ಳಿದರು. ಬಿಸಿಲಿನಿಂದ ಓಡಬೇಕಾದ ಕಾರು ಬೆವರಿನಿಂದ ಓಡಿತು.

ಎರಡನೆಯ ವರ್ಷ ಹುಡುಗರು ಹಟ ಹಿಡಿದು ಕಾರಿನ ಮೈ ಇಳಿಸಿದರು. ಅಲ್ಯೂಮಿನಿಯಂ ಕೊಳವೆ, ಸೈಕಲ್ಲಿನಂಥ ತೆಳು ಚಕ್ರ, ಪುಟ್ಟ ಮೋಟಾರು. ನಾನು ಮತ್ತೆ ಬಗ್ಗಿ ಹಣ್ಣು ಇಟ್ಟೆ. ಚೈತ್ರಾ ಆಕ್ಸಿಲರೇಟರ್ ಒತ್ತಿದಳು. ಚಕ್ರ ಬಂದು ಹಣ್ಣಿಗೆ ತಾಗಿತು, ಮೋಟಾರು ಮುಲುಗಿತು, ನಿಂತಿತು. ಇನ್ನೊಮ್ಮೆ ಒತ್ತಿದಳು. ಒಳಗೇನೋ ಚಟ್ ಅಂದಿತು, ಹೊಗೆ ಬಂತು. ಪ್ರಿನ್ಸಿಪಾಲರ ಎದುರಿಗೇ ಒಂದು ನಿಂಬೆಹಣ್ಣು ನಮ್ಮ ಕಾರನ್ನು ತಡೆದು ನಿಲ್ಲಿಸಿತ್ತು. ಆ ವರ್ಷ ಓಟಕ್ಕೆ ಹೋಗಲಾಗಲಿಲ್ಲ. ಯಾರೂ ನನ್ನನ್ನು ಬೈಯಲಿಲ್ಲ, ಅದೇ ಹೆಚ್ಚು ನೋವಾಯಿತು. ಮನೆಯಲ್ಲಿ ಹೇಳಿಕೊಂಡರೆ ನನ್ನ ಹೆಂಡತಿ ಸುಮಿತ್ರಾ, "ಲಿಂಬಿಹಣ್ಣು ದಾಟಲಾರದ ಗಾಡಿ ಊರು ಹೆಂಗ ದಾಟ್ತಿತ್ರೀ? ಮೊದಲ ಗೊತ್ತಾತು, ಛಲೋ ಆತು" ಅಂದಳು. ಆಶ್ಚರ್ಯವೆಂದರೆ ಹುಡುಗರೂ ಅದನ್ನೇ ಅಂದುಕೊಂಡರು. ಆಮೇಲೆ ಹೊಸ ಮೋಟಾರು ಬಂದಾಗಲೆಲ್ಲ ಅದು ಹಣ್ಣು ದಾಟುತ್ತದೆಯೇ ಅಂತ ಗುಟ್ಟಾಗಿ ನೋಡುತ್ತಿದ್ದರಂತೆ.

ಮೂರನೆಯದು ಬೇರೆಯೇ ಜಾತಿ. ಬೋರಲು ಹಾಕಿದ, ಹಿಟ್ಟು ನಾದುವ ಪರಾತದ ಹಾಗೆ ನೆಲಕ್ಕೆ ಅಂಟಿಕೊಂಡ ಮೈ, ಬೆನ್ನ ತುಂಬ ಕಾಗದದಷ್ಟು ತೆಳುವಾದ ಸೋಲಾರ್ ಬಿಲ್ಲೆಗಳು. ಗಾಳಿ ತಡೆಯದಿರಲಿ ಅಂತ ಚಕ್ರಗಳಿಗೂ ಮುಸುಕು. ಮುಸುಕಿಗೂ ನೆಲಕ್ಕೂ ನಡುವೆ ಒಂದು ಬೆರಳಿನ ಜಾಗ. ಹಣ್ಣು ಇಟ್ಟರೆ ಮುಸುಕೇ ಒಡೆಯುತ್ತದೆ. ಇದು ಚೈತ್ರಾಳ ಕೊನೆಯ ವರ್ಷ, ಓಟಕ್ಕಿಳಿಯುವ ಕೊನೆಯ ಅವಕಾಶ. ಓಟದ ಹಿಂದಿನ ದಿನ ಬಂದು ಕೈಮುಗಿದಳು. "ಸಾರ್, ಪ್ಲೀಸ್, ತಪ್ಪು ತಿಳ್ಕೋಬೇಡಿ. ಈ ಸಲ ನಿಂಬೆಹಣ್ಣು ಬೇಡ." ಹಿಂದಿನಿಂದ ಮರಾಠಿ ಹುಡುಗರೂ, "ಲಿಂಬೂ ನಕೋ ಸರ್" ಅಂತ ಒಂದೇ ರಾಗ ಎಳೆದರು. ನಾನು ಮಾತು ಕೊಟ್ಟೆ. ನನ್ನ ಇದ್ದೊಂದು ಕೆಲಸವೂ ಹೋಯಿತು.

ಓಟದ ದಿನ ಬೆಳಿಗ್ಗೆ ಊರಾಚೆಯ ರೇಸ್ ಟ್ರ್ಯಾಕಿಗೆ ಹೊರಡಲು ನನ್ನ ಕಾರಿನಲ್ಲಿ ಕೂತ ಕೂಡಲೇ ಚೈತ್ರಾ ಮೂಗರಳಿಸಿದಳು. "ಸಾರ್, ಡಿಕ್ಕಿಯಿಂದ ನಿಂಬೆಹಣ್ಣಿನ ವಾಸನೆ ಬರ್ತಿದೆ." ನಿಜ, ಒಂದು ಚೀಲ ತುಂಬ ಇತ್ತು. ಸುಮಿತ್ರಾ ಉಪ್ಪಿನಕಾಯಿಗೆ ತರಿಸಿದ್ದು, ಮನೆಯಲ್ಲಿ ಇಳಿಸುವುದು ಮರೆತಿತ್ತು. ಆಣೆ ಮಾಡಿ ಹೇಳಿದೆ. ಕಾರಿನಲ್ಲಿದ್ದ ಹುಡುಗರು ಒಬ್ಬರೂ ನಂಬಲಿಲ್ಲ. ದಾರಿಯುದ್ದಕ್ಕೂ ನನ್ನನ್ನು ಕಳ್ಳನ ಹಾಗೆ ನೋಡಿದರು.

ಈ ಓಟದಲ್ಲಿ ಒಂದು ನಿಯಮವಿದೆ. ತೆಳ್ಳಗಿರುವವರನ್ನು ಕೂರಿಸಿ ಯಾರೂ ಲಾಭ ಪಡೆಯಬಾರದು. ಓಡಿಸುವವರ ತೂಕ ಎಷ್ಟು ಕಡಿಮೆಯೋ ಅಷ್ಟು ಮರಳಿನ ಚೀಲ ಪಕ್ಕದಲ್ಲಿಟ್ಟು ಸರಿದೂಗಿಸಬೇಕು. ಹುಡುಗರು ಮೊದಲೇ ತೂಗಿ ಮರಳು ತುಂಬಿದ್ದರು. ಆದರೆ ಚೈತ್ರಾ ಕಾರಿನ ಚಿಂತೆಯಲ್ಲಿ ಸರಿಯಾಗಿ ಉಂಡಿರಲಿಲ್ಲ. ಇದ್ದ ತೂಕದಲ್ಲೂ ಇನ್ನಷ್ಟು ಇಳಿದಿದ್ದಳು. ತಪಾಸಣೆಯ ಅಧಿಕಾರಿ ತೂಗಿ, ತೂಕ ಸಾಲದೆಂದು ತಲೆಯಾಡಿಸಿದರು. ಕಲ್ಲು, ಕಬ್ಬಿಣ ಪಕ್ಕದಲ್ಲಿಡುವಂತಿಲ್ಲ, ಮೆತ್ತಗಿನದೇ ಆಗಬೇಕು. ಸುತ್ತ ಬರೀ ಡಾಂಬರು, ಮರಳು ಎಲ್ಲಿಂದ ತರುವುದು? ಹಿಂದಿನ ತಂಡದವರು ಸಾಲಿನಲ್ಲಿ ಗೊಣಗುತ್ತಿದ್ದರು. ಅಧಿಕಾರಿ ಗಡಿಯಾರ ನೋಡಿದರು. ಚೈತ್ರಾಳ ಕಣ್ಣು ತುಂಬಿತು. ಏನೂ ಮಾಡಲಾಗದೆ ನಾನು ಆಕಾಶ ನೋಡುತ್ತ ನಿಂತೆ. ಬಿಸಿಲೇನೋ ಬೇಕಾದಷ್ಟಿತ್ತು.

ಆಗ ಅವಳು ಮೂಗು ಒರೆಸಿಕೊಂಡು ನನ್ನ ಕಡೆ ತಿರುಗಿದಳು. "ಸಾರ್, ನಿಂಬೆಹಣ್ಣು ಎಷ್ಟಿದೆ?"

ನಾನು ಓಡಿದೆ. ನಾನು ಓಡಿದ್ದನ್ನು ಕಾಲೇಜಿನಲ್ಲಿ ಅದುವರೆಗೆ ಯಾರೂ ನೋಡಿರಲಿಲ್ಲ. ಅಧಿಕಾರಿ ಚೀಲ ಬಿಚ್ಚಿ, ಒಂದು ಹಣ್ಣು ಒತ್ತಿ ನೋಡಿ, ಮೂಸಿ ನೋಡಿ, "ಹೇ ಕಾಯ್?" ಅಂದರು. "ಲಿಂಬೂ" ಅಂದೆ. ಸ್ವಲ್ಪ ಯೋಚಿಸಿ, ತೂಕ ಇರಬೇಕೆಂದು ನಿಯಮ ಹೇಳುತ್ತದೆ, ಯಾತರ ತೂಕವೆಂದು ಹೇಳುವುದಿಲ್ಲ ಅಂತ ಮರಾಠಿಯಲ್ಲಿ ಗೊಣಗಿ ಚೀಲದ ಬಾಯಿಗೆ ಮುದ್ರೆ ಒತ್ತಿದರು. ಕಾರು ಸದ್ದಿಲ್ಲದೆ ಹೊರಟಿತು. ಚಕ್ರದಡಿ ಸಿಕ್ಕಿ ಸಾಯಬೇಕಾದ ಹಣ್ಣುಗಳು ಓಡಿಸುವವಳ ಪಕ್ಕದಲ್ಲಿ ಕೂತು ಹೋದವು. ನನಗೆ ಅಳು ಬಂತು, ಬಿಸಿಲಿಗೆ ಕಣ್ಣು ಉರಿಯುತ್ತಿದೆ ಅಂದೆ. ನಾವು ಗೆಲ್ಲಲಿಲ್ಲ, ನಡುವೆಲ್ಲೋ ಬಂದೆವು. ಆದರೆ ಸಂಜೆಯವರೆಗೂ ಕಾರು ಒಮ್ಮೆಯೂ ನಿಲ್ಲಲಿಲ್ಲ.

"ಏನ್ರೀ ಇವು, ಇಷ್ಟ ಮೆತ್ತಗ ಆಗ್ಯಾವ?" ಅಂದಳು ಸುಮಿತ್ರಾ, ರಾತ್ರಿ ಮನೆಯಲ್ಲಿ ಚೀಲ ಬಿಚ್ಚಿ. "ರೇಸ್ ಓಡಿ ಬಂದಾವ, ದಣದಾವ" ಅಂದೆ. "ಹಣ್ಣಾದ್ರೂ ಓಡಿದ್ವು ಬಿಡ್ರಿ" ಅಂತ ಹೆಚ್ಚಲು ಕೂತಳು. ಉಪ್ಪಿನಕಾಯಿ ಭಾಳ ಛಲೋ ಆಯಿತು.

ಕಾಲೇಜು ಬಿಡುವ ಮುಂಚೆ ಚೈತ್ರಾ ತಂಡಕ್ಕೆಲ್ಲ ಅಂಗಿ ಮಾಡಿಸಿದಳು. ಬೆನ್ನ ಮೇಲೆ ಅವರವರ ಕೆಲಸ: ಮೋಟಾರು, ಬ್ಯಾಟರಿ, ಬ್ರೇಕು. ನನ್ನದನ್ನು ತಾನೇ ಮನೆಗೆ ತಂದು ಕೊಟ್ಟಳು. ನನ್ನದರ ಮೇಲೆ ಮಾತ್ರ ಕನ್ನಡದಲ್ಲಿ, ದಪ್ಪಕ್ಷರದಲ್ಲಿ "ಭಾರ" ಎಂದಿತ್ತು. "ಅದಿಲ್ದೇ ಇದ್ರೆ ನಾವು ಹೊರಡ್ತಾನೇ ಇರ್ಲಿಲ್ಲ ಸಾರ್" ಅಂದಳು. ಸುಮಿತ್ರಾ ಕನ್ನಡಕ ಹಾಕಿಕೊಂಡು ಓದಿ, "ಬರೋಬ್ಬರಿ ಬರದಾರ ನೋಡ್ರಿ" ಅಂದಳು. ಅಂಗಿಯ ಮುಂಭಾಗ ಖಾಲಿ ಇದೆ. ಅಜ್ಜ ಇದ್ದಿದ್ದರೆ ಅಲ್ಲಿ ತನ್ನ ಮಾತಿನ ಇನ್ನರ್ಧವನ್ನೂ ಬರೆಸುತ್ತಿದ್ದ. ನಾನು ಅದನ್ನು ತೊಟ್ಟುಕೊಂಡೇ ಊಟಕ್ಕೆ ಕೂತೆ. ಉಪ್ಪಿನಕಾಯಿಯ ಜೊತೆ ಒಂದು ರೊಟ್ಟಿ ಹೆಚ್ಚೇ ಹೋಯಿತು.