ಬಿಶಾರಾನ ತಂತಿಗೆ ಒಂದನೇ ನಂಬರು

ಮನೆಯಲ್ಲಿ ತನ್ನ ಮಾತು ನಡೆಯುವುದಿಲ್ಲ ಎಂಬುದು ಶೌಕತನಿಗೆ ಹಳೆಯ ಸಂಗತಿ. ಕಂಪ್ಯೂಟರೂ ಹೆಂಡತಿಯ ಪಕ್ಷ ಸೇರಿದ್ದು ಮಾತ್ರ ಹೊಸ ಅವಮಾನ.

ಅಲೆಕ್ಸಾಂಡ್ರಿಯಾದ ಆ ಕಿರಿದಾದ ಗಲ್ಲಿಯಲ್ಲಿ ಎದುರುಮನೆಯ ಬಾಲ್ಕನಿಯಿಂದ ಶೌಕತನ ಬಾಲ್ಕನಿಗೆ ಒಂದು ನೀಲಿ ತಂತಿ ಬರುತ್ತಿತ್ತು. ತನ್ನ ಇಂಟರ್‌ನೆಟ್ಟು ಗೆಳೆಯನಿಗೂ ಸಿಗಲಿ ಎಂದು ಆ ಮನೆಯ ಬಿಶಾರಾ ಕಲ್ಲು ಕಟ್ಟಿ ಎಸೆದ ತಂತಿ. (ಮೊದಲ ಕಲ್ಲು ಬಾಲ್ಕನಿಯಲ್ಲಿ ಆರಲಿಟ್ಟಿದ್ದ ಮೊಲೊಖಿಯಾ ಸಾರಿನ ಪಾತ್ರೆಗೇ ಬಿತ್ತು. ಗಂಡಸರಿಬ್ಬರೂ ನಕ್ಕರು, ಪಾತ್ರೆಯ ಒಡತಿ ನಗಲಿಲ್ಲ.) ಕಳೆದ ಚಳಿಗಾಲದಲ್ಲಿ ಬಿಶಾರಾ ತೀರಿಕೊಂಡ. ತಂತಿ ಉಳಿಯಿತು.

ಆಮೇಲೆ ಹೆಂಡತಿ ಇನ್ಶಿರಾಹ್ ಮನೆಗೆ ವೈಫೈ ಹಾಕಿಸಿದಳು. ತಂತಿ ಚುಚ್ಚಿದ್ದರೂ ಕಂಪ್ಯೂಟರು ಹೋಗಿ ವೈಫೈಯನ್ನೇ ಹಿಡಿಯುತ್ತಿತ್ತು.

"ಆ ತಂತಿ ತೆಗೆಸಿ. ಅದರ ಮೇಲೆ ಪಾರಿವಾಳ ಕೂತು ನನ್ನ ಹಾಸಿಗೆಬಟ್ಟೆಯೆಲ್ಲ ಹೊಲಸು ಮಾಡ್ತವೆ."

"ಬಿಶಾರಾನ ತಂತಿ ಕಣೇ ಅದು! ಅದರ ವೇಗ ನಿನ್ನ ಗಾಳಿಗೆಲ್ಲಿ ಬರ್ಬೇಕು?"

"ಶುಕ್ರವಾರ ಮಗಳು ನಗ್ಲಾ ಅಸ್ವಾನಿಂದ ವಿಡಿಯೋದಲ್ಲಿ ಮಗು ತೋರಿಸ್ತಾಳಲ್ಲ, ಆಗ ನೋಡೋಣ. ಚಿತ್ರ ಒಂದ್ಸಲ ನಿಂತ್ರೂ ತಂತಿಗೆ ಕತ್ತರಿ!"

ಶೌಕತನ ರಕ್ತ ಬಿಸಿಯಾಯಿತು. ಕನ್ನಡಕ ಏರಿಸಿ ಕಂಪ್ಯೂಟರಿನ ಹೊಟ್ಟೆಯೊಳಗಿನ ಮಹಾರಹಸ್ಯಗಳನ್ನೆಲ್ಲ ಅಗೆದ. ಅಲ್ಲಿ ಇಂಟರ್‌ನೆಟ್ಟು ಬರುವ ಒಂದೊಂದು ದಾರಿಗೂ ಒಂದು ನಂಬರಂತೆ, ನಂಬರು ಚಿಕ್ಕದಾದಷ್ಟೂ ಮರ್ಯಾದೆ ದೊಡ್ಡದಂತೆ. ತಂತಿಗೆ ಒಂದನೇ ನಂಬರಿನ ಪಟ್ಟಾಭಿಷೇಕ ಮಾಡಿದ. ವೈಫೈಯನ್ನು ಐನೂರಕ್ಕೆ ಗಡೀಪಾರು ಮಾಡಿದ. ಇನ್ನು ತಂತಿ ಇರುವಾಗ ಕಂಪ್ಯೂಟರು ಬೇರೆ ಕಡೆ ಕಣ್ಣೆತ್ತಿಯೂ ನೋಡುವಂತಿಲ್ಲ!

ಶುಕ್ರವಾರ ನಮಾಜು ಮುಗಿಸಿ ಓಡಿಬಂದ. ಕರೆ ಬಂತು. ಆಹಾ, ಏನು ಚಿತ್ರ! ಮೊಮ್ಮಗಳ ಹುಬ್ಬಿನ ಕೂದಲನ್ನೂ ಎಣಿಸಬಹುದಿತ್ತು.

"ನೋಡೇ, ನೋಡು! ಆಕಳಿಸಿದ್ದು ಕೂಡ ಕಾಣ್ತಿದೆ! ಇದಪ್ಪಾ ಬಿಶಾರಾನ ಕೈಗುಣ! ಎಲ್ಲಿ ನಿನ್ನ ಕತ್ತರಿ?"

ಇನ್ಶಿರಾಹ್ ಮಡಿಲಲ್ಲಿದ್ದ ಕತ್ತರಿಯನ್ನು ಪಕ್ಕಕ್ಕೆ ಸರಿಸಿದಳು. ಮದುವೆಯಾದಾಗಿನಿಂದ ಶೌಕತ್ ಇಂಥ ಜಯ ಕಂಡಿರಲಿಲ್ಲ. ಎದ್ದು ಕುಣಿಯುವುದೊಂದು ಬಾಕಿ.

ಅಷ್ಟರಲ್ಲಿ ಎದುರಿನ ಬಾಲ್ಕನಿಯಿಂದ ಬಿಶಾರಾನ ಹೆಂಡತಿ ಮಟಿಲ್ಡಾ ಕೂಗಿದಳು.

"ಶೌಕತಣ್ಣಾ! ಬೆಳಿಗ್ಗೆ ನೆಲ ಒರೆಸುವಾಗ ನಿಮ್ಮ ತಂತಿ ಕಿತ್ತಿಟ್ಟಿದ್ದೆ, ಮರೆತೇಹೋಯ್ತು. ಈಗ ಚುಚ್ಚಲಾ?"

ಇನ್ಶಿರಾಹಳ ಮುಖ ಹುಣ್ಣಿಮೆಯಾಯಿತು. "ಚುಚ್ಚಮ್ಮಾ, ಚುಚ್ಚು! ಒಂದನೇ ನಂಬರಿನ ಸಾಹೇಬರು ದಯಮಾಡಿಸಲಿ!"

ಮಟಿಲ್ಡಾ ಚುಚ್ಚಿದಳು. ಕಂಪ್ಯೂಟರು ಶೌಕತನ ಆಜ್ಞೆಯನ್ನು ಶಿರಸಾವಹಿಸಿ, ಚೆನ್ನಾಗಿ ನಡೆಯುತ್ತಿದ್ದ ವೈಫೈಯನ್ನು ಬಿಟ್ಟು, ಬಿಸಿಲಿಗೆ ಸುಟ್ಟು ಪಾರಿವಾಳಗಳ ಭಾರಕ್ಕೆ ಜೋತುಬಿದ್ದ ಆ ಮುದಿ ತಂತಿಗೆ ಹಾರಿತು. ನಗ್ಲಾ ತೆರೆದ ಬಾಯಿ ತೆರೆದೇ ನಿಂತಳು. ಮಗು ಚೌಕಚೌಕವಾಗಿ ಒಡೆಯಿತು. ಆಮೇಲೆ ಬರೀ ಕಪ್ಪು.

ಇನ್ಶಿರಾಹ್ ಕತ್ತರಿ ಹಿಡಿದು ಬಾಲ್ಕನಿಗೆ ನಡೆದಳು. ಶೌಕತ್ ತಡೆಯಲಿಲ್ಲ. ಪಂಥ ಕಟ್ಟಿಯಾಗಿತ್ತು. ಕಣ್ಣು ಮುಚ್ಚಿ ಕೂತ.

ಕತ್ತರಿಯ ಸದ್ದು ಬರಲಿಲ್ಲ. ಕಣ್ಣು ಬಿಟ್ಟರೆ ಅವಳು ಎದುರಿನ ಬಾಲ್ಕನಿಯಲ್ಲಿ ಬಿಶಾರಾ ಕೂರುತ್ತಿದ್ದ ಖಾಲಿ ಕುರ್ಚಿಯನ್ನು ನೋಡುತ್ತ ನಿಂತಿದ್ದಳು. ಆಮೇಲೆ ಒಗೆದ ಬಟ್ಟೆಯ ಬುಟ್ಟಿಯಿಂದ ಶೌಕತನ ಒಂದು ಕಾಲುಚೀಲ ಎತ್ತಿ ತಂತಿಗೆ ಸಿಕ್ಕಿಸಿದಳು.

"ಇದು ಒಣಗೋವರೆಗೂ ತಂತಿ ಇರಲಿ."

ಆ ಊರಿನ ಬಿಸಿಲಿಗೆ ಕಾಲುಚೀಲ ಒಣಗಲು ಒಂದು ಲೋಟ ಚಹಾ ಕುಡಿಯುವಷ್ಟು ಹೊತ್ತು ಸಾಕು. ಇನ್ಶಿರಾಹಳ ಪ್ರಕಾರ ಅದಿನ್ನೂ ಹಸಿ. ಶೌಕತ್ ಅಂದಿನಿಂದ ಕಾಫಿ ಅಂಗಡಿಗೆ ಒಂದೇ ಕಾಲುಚೀಲದಲ್ಲಿ ಹೋಗುತ್ತಾನೆ. ಯಾರಾದರೂ ನಕ್ಕು ಕೇಳಿದರೆ, "ಇನ್ನೊಂದು ಬಿಶಾರಾನ ಹತ್ತಿರ ಇದೆ" ಎನ್ನುತ್ತಾನೆ.