ತಕ್ಕಡಿ ಸಾಹೇಬರ ಸೊಂಟದಳತೆ

ಪೂರ್ಣ ಹೆಸರು: ಕಾಗದದಲ್ಲಿ ಒಂದಿದೆ, ಊರಿನವರ ಬಾಯಲ್ಲಿ ತಕ್ಕಡಿ ಸಾಹೇಬರು. ವಯಸ್ಸು: ಅರವತ್ತೆರಡು. ಉದ್ಯೋಗ: ತೂಕ ಮತ್ತು ಅಳತೆ ಇಲಾಖೆಯ ನಿವೃತ್ತ ಇನ್‌ಸ್ಪೆಕ್ಟರು. ಕುಟುಂಬ: ಹೆಂಡತಿ, ಮದುವೆಯಾದ ಇಬ್ಬರು ಹೆಣ್ಣುಮಕ್ಕಳು, ಸಕ್ಕರೆ ಕಾಯಿಲೆಯಿಂದ ಒಂದು ಪಾದ ಕಳೆದುಕೊಂಡ ಅಣ್ಣ. ಸೊಂಟದ ಸುತ್ತಳತೆ: ಇಲ್ಲಿಗೆ ಬಂದು ನರ್ಸಮ್ಮನ ಪೆನ್ನು ನಿಂತಿತ್ತು.

ಸಾಹೇಬರು: ಮೂವತ್ತನಾಲ್ಕು ಅಂತ ಬರೀರಿ.

ನರ್ಸಮ್ಮ: ಟೇಪು ನಲವತ್ತೊಂದು ಅಂತಿದೆ.

ಸಾಹೇಬರು: ಅನ್ನುತ್ತೆ. ಹಳೇ ಟೇಪು, ವಯಸ್ಸಾಯ್ತು, ಬಾಯಿಗೆ ಬಂದದ್ದು ಅನ್ನುತ್ತೆ. ಇದರ ಮೇಲೆ ಇಲಾಖೆ ಮುದ್ರೆ ಎಲ್ಲಿದೆ ತೋರಿಸಿ.

ನರ್ಸಮ್ಮ: ಸಾಹೇಬ್ರೇ, ಈ ಟೇಪಲ್ಲಿ ನಾನು ಯಾರಿಗೂ ಏನೂ ಮಾರ್ತಿಲ್ಲ.

ಸಾಹೇಬರು: ಮಾರದೇ ಇದ್ರೂ ಮೋಸ ಮೋಸವೇ.

ಡಾಕ್ಟರ ಷಾಪಿನ ಮುಂಗೋಣೆ ಅದು. ಗೋಡೆಯ ಮೇಲೆ 'ರೋಗಕ್ಕಿಂತ ಮೊದಲು ನೀವು ಬನ್ನಿ' ಎಂಬ ಹಲಗೆ, ಅದರ ಕೆಳಗೆ ತೂಕದ ಯಂತ್ರ, ಕಿಟಕಿಯ ಪಕ್ಕ ಸೂಜಿ ಮತ್ತು ಹತ್ತಿಯ ತಟ್ಟೆ. ಸಾಹೇಬರು ಬಂದು ಅರ್ಧ ಗಂಟೆಯಾಗಿತ್ತು. ಅಷ್ಟರಲ್ಲಿ ತೂಕದ ಯಂತ್ರದ ಮುಂದೆ ಮಂಡಿಯೂರಿ, ಅದರ ಮುಳ್ಳು ಸೊನ್ನೆಯಿಂದ ಕೂದಲೆಳೆಯಷ್ಟು ಆಚೆ ಸರಿದಿದೆಯೆಂದು ಸಾಬೀತು ಮಾಡಿ, ತಮ್ಮ ತೂಕದಲ್ಲಿ ಇನ್ನೂರು ಗ್ರಾಂ ಕಡಿತವನ್ನು ಲಿಖಿತವಾಗಿ ಪಡೆದಿದ್ದರು. ರಕ್ತದೊತ್ತಡ ಸರಿಯಾಗಿತ್ತು, ಆ ಯಂತ್ರವನ್ನು ಮಾತ್ರ ಅವರು ಬಹಳ ಉತ್ತಮ ಯಂತ್ರವೆಂದು ಹೊಗಳಿದ್ದರು.

ನಲವತ್ತು ದಾಟಿದವರ ತಪಾಸಣೆಗೆ ಡಾಕ್ಟರು ಒಂದು ನಿಯಮ ಮಾಡಿದ್ದರು. ಪ್ರಶ್ನೆ ಮೂರು: ಒಡಹುಟ್ಟಿದವರಿಗೆ ಸಕ್ಕರೆ ಕಾಯಿಲೆ ಇದೆಯೇ, ರಕ್ತದೊತ್ತಡ ಹೆಚ್ಚಿದೆಯೇ, ಸೊಂಟ ಮೂವತ್ತೈದೂವರೆ ಇಂಚು ಮೀರಿದೆಯೇ. ಎರಡಕ್ಕೆ ಹೌದೆಂದರೆ ಅದೇ ದಿನ ರಕ್ತಪರೀಕ್ಷೆ. ಒಂದಕ್ಕೆ ಮಾತ್ರ ಹೌದೆಂದರೆ ಮುಂದಿನ ವರ್ಷ ಬಂದರಾಯಿತು. ಸಾಹೇಬರಿಗೆ ಅಣ್ಣನ ಕಡೆಯಿಂದ ಒಂದು ಹೌದು ಆಗಲೇ ಬಿದ್ದಿತ್ತು. ಇನ್ನೊಂದು ಬೀಳುವುದೂ ಬೀಳದಿರುವುದೂ ಸೊಂಟದ ಕೈಯಲ್ಲಿತ್ತು.

ನರ್ಸಮ್ಮನಿಗೆ ಇನ್ನೊಂದು ಸಂಗತಿಯೂ ಗೊತ್ತಿತ್ತು. ಹಿಂದಿನ ದಿನ ಸಾಹೇಬರ ಹೆಂಡತಿ ತರಕಾರಿ ಚೀಲದೊಂದಿಗೇ ಬಂದು, ಯಜಮಾನರು ರಾತ್ರಿ ಮೂರು ಸಲ ಎದ್ದು ಚೊಂಬುಗಟ್ಟಲೆ ನೀರು ಕುಡಿಯುತ್ತಾರೆಂದೂ, ಕೇಳಿದರೆ ಸೆಕೆ ಎನ್ನುತ್ತಾರೆಂದೂ, ಎರಡು ವರ್ಷದಿಂದ ಕರೆದರೂ ಬಾರದವರನ್ನು ನಾಳೆ ಖಾಲಿ ಹೊಟ್ಟೆಯಲ್ಲಿ ಹೇಗಾದರೂ ಅಟ್ಟುತ್ತೇನೆಂದೂ ಹೇಳಿ ಹೋಗಿದ್ದರು. ಅದರಂತೆ ಇಂದು ಬೆಳಿಗ್ಗೆ ಚಹದ ಡಬ್ಬಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದರು. ಇಂದು ಬಿಟ್ಟರೆ ಈ ಹಕ್ಕಿ ಮತ್ತೆ ಈ ಬಾಗಿಲಿಗೆ ಬರುವುದಿಲ್ಲವೆಂಬುದು ಇಬ್ಬರು ಹೆಂಗಸರಿಗೂ ತಿಳಿದಿತ್ತು.

ನರ್ಸಮ್ಮ: ನನ್ನ ಕೇಳಿದ್ರೆ ಅಣ್ಣನವರ ಕಾರಣ ಒಂದೇ ಸಾಕು. ತೋಳು ಚಾಚಿ.

ಸಾಹೇಬರು: ನಿಮ್ಮನ್ನ ಕೇಳೋ ಹಾಗಿದ್ರೆ ನಿಯಮ ಯಾಕೆ ಬರೆದು ಅಂಟಿಸಿದ್ರಿ? ಎರಡು ಹೌದು ಬೇಕು. ನನ್ನದು ಒಂದೇ. ನಮಸ್ಕಾರ.

ನರ್ಸಮ್ಮ: ಹಾಗಾದ್ರೆ ಈ ನಲವತ್ತೊಂದು ಲೆಕ್ಕಕ್ಕೇ ಇಲ್ವಾ?

ಸಾಹೇಬರು: ನಲವತ್ತೊಂದು ನಿಮ್ಮ ಟೇಪಿಂದು. ನನ್ನದು ಮೂವತ್ತನಾಲ್ಕು. ನೋಡಿ ತಾಯಿ, ಮೈಯಲ್ಲಿ ನೋವಿಲ್ಲ, ಜ್ವರವಿಲ್ಲ. ಏನೂ ಇಲ್ಲದವನಿಗೆ ಯಾಕೆ ತಪಾಸಣೆ?

ನರ್ಸಮ್ಮ: ಸರ್ವೀಸಲ್ಲಿದ್ದಾಗ ದೂರು ಬಂದ ಅಂಗಡಿಗೆ ಮಾತ್ರ ಹೋಗ್ತಿದ್ರಾ?

ಸಾಹೇಬರು: ಎಲ್ಲಾದರೂ ಉಂಟಾ? ವರ್ಷಕ್ಕೊಮ್ಮೆ ಎಲ್ಲಾ ಅಂಗಡಿಗೂ. ದೂರು ಬರೋವರೆಗೂ ಕಾದ್ರೆ ಅಷ್ಟು ದಿನ ಜನ ಮೋಸ ಹೋಗ್ತಾರಲ್ಲ.

ನರ್ಸಮ್ಮ: ಅದನ್ನೇ ನಾನೂ ಹೇಳ್ತಿರೋದು.

ಸಾಹೇಬರಿಗೆ ತಾವು ತೋಡಿದ ಹಳ್ಳ ಕಂಡಿತು. ಅದರೊಳಗೆ ಬೀಳುವ ಮೊದಲೇ ಪಕ್ಕಕ್ಕೆ ಜಿಗಿದರು. ತಮ್ಮ ಅಳತೆಗೆ ಸಾಕ್ಷಿ ಇದೆ, ಇಪ್ಪತ್ತಾರು ವರ್ಷದ ಸಾಕ್ಷಿ, ಅದೂ ಈ ಗೋಡೆಯ ಆಚೆಗೇ ಕುಳಿತಿದೆ ಎಂದು ಪರದೆ ಸರಿಸಿದರು. ಹೊರಗಿನ ಬೆಂಚಿನಲ್ಲಿ ಹತ್ತು ಹನ್ನೆರಡು ಜನ ಕಾದಿದ್ದರು. ಅವರ ನಡುವೆ ಕತ್ತುನೋವಿಗೆ ಮುಲಾಮು ಬರೆಸಿಕೊಳ್ಳಲು ಬಂದ ಎದುರು ಬೀದಿಯ ಟೈಲರು, ನೋಯುವ ಕತ್ತಿಗೇ ಟೇಪು ನೇತುಹಾಕಿಕೊಂಡು ತೂಕಡಿಸುತ್ತಿದ್ದರು.

ಸಾಹೇಬರು: ಟೈಲರಣ್ಣ, ಒಳಗೆ ಬಾ. ನನ್ನ ಸೊಂಟ ಎಷ್ಟು, ಈ ಅಮ್ಮನಿಗೆ ಹೇಳು.

ಟೈಲರಣ್ಣ: ಇಲ್ಲೇ ಹೇಳ್ಬೇಕಾ?

ಸಾಹೇಬರು: ಇಲ್ಲೇ. ಎಲ್ಲರ ಮುಂದೆ.

ಟೈಲರಣ್ಣ: ಸೊಂಟ ಅನ್ನೋದು ಸಾಹೇಬ್ರೇ, ಊಟಕ್ಕೆ ಮುಂಚೆ ಒಂದು, ಊಟ ಆದ್ಮೇಲೆ ಒಂದು. ಕೂತಾಗ ಒಂದು, ನಿಂತಾಗ ಒಂದು.

ನರ್ಸಮ್ಮ: ಖಾಲಿ ಹೊಟ್ಟೆಯಲ್ಲಿದ್ದಾರೆ, ನಿಂತಿದ್ದಾರೆ. ಅಳೀರಿ.

ಟೈಲರಣ್ಣ ನರ್ಸಮ್ಮನ ಮುಖವನ್ನೂ ಸಾಹೇಬರ ಮುಖವನ್ನೂ ನೋಡಿ, ತಮ್ಮ ಕತ್ತುನೋವು ಇನ್ನೊಂದು ದಿನ ತಡೆದುಕೊಳ್ಳುವಂಥದ್ದೇ ಆಗಿತ್ತೆಂದು ಗೊಣಗಿದರು. ಸಾಹೇಬರು ಗಲ್ಲವೆತ್ತಿ, ಸರ್ಕಾರಿ ಧ್ವಜಸ್ತಂಭದಂತೆ ನೆಟ್ಟಗೆ ನಿಂತರು.

ನರ್ಸಮ್ಮ: ಉಸಿರು ಬಿಡಿ.

ಸಾಹೇಬರು: ನಾನು ಉಸಿರಾಡೋದೇ ಹೀಗೆ.

ನರ್ಸಮ್ಮ: ಉಸಿರಾಡೋರ ಮುಖ ಬದನೆಕಾಯಿ ಬಣ್ಣಕ್ಕೆ ತಿರುಗಲ್ಲ. ಬಿಡಿ.

ಸಾಹೇಬರು ಬಿಟ್ಟರು. ಒಳಗೆ ಅಡಗಿದ್ದುದೆಲ್ಲ ಹೊರಗೆ ಬಂದು ತನ್ನ ಸ್ಥಾನದಲ್ಲಿ ನೆಲೆಗೊಂಡಿತು. ಟೈಲರಣ್ಣ ಟೇಪನ್ನು ಸುತ್ತಿ ತಂದು, ಎರಡು ತುದಿಗಳನ್ನು ಕೂಡಿಸಿ, ಹೆಬ್ಬೆರಳಿನಿಂದ ಒತ್ತಿ ಹಿಡಿದು, ಕಸುಬಿನ ಅಭ್ಯಾಸದಂತೆ ಗಟ್ಟಿಯಾಗಿ ಕೂಗಿದರು.

ಟೈಲರಣ್ಣ: ಮೂವತ್ತನಾಲ್ಕು.

ಸಾಹೇಬರು: ಕೇಳಿಸ್ತಾ?

ನರ್ಸಮ್ಮ: ಕೇಳಿಸ್ತು. ಟೈಲರಣ್ಣ, ಹೆಬ್ಬೆರಳು ಅಲ್ಲೇ ಇರಲಿ. ಸರಿಸಬೇಡಿ. ಸಾಹೇಬ್ರೇ, ಅಂಗೈ ಹುಣ್ಣಿಗೆ ಕನ್ನಡಿ ಬೇಡ. ಬಗ್ಗಿ ನೋಡಿ.

ಸಾಹೇಬರು ಬಗ್ಗಿದರು. ಏನೂ ಕಾಣಲಿಲ್ಲ, ವಿವಾದದ ಸ್ಥಳವೇ ನಡುವೆ ಅಡ್ಡವಾಗಿತ್ತು. ಕೊನೆಗೆ ನರ್ಸಮ್ಮನು ಟೈಲರ ಹೆಬ್ಬೆರಳನ್ನು ಟೇಪಿನ ಸಮೇತ ಮೇಲೆತ್ತಿ ಅವರ ಕನ್ನಡಕದ ಮುಂದೆ ಹಿಡಿದಳು. ಬೆರಳು ನಲವತ್ತೊಂದರ ಗೆರೆಯ ಮೇಲೆ ಕುಳಿತಿತ್ತು.

ಸಾಹೇಬರು: ಇದೇನಯ್ಯಾ?

ಟೈಲರಣ್ಣ: ಅದು ಕತ್ತರಿ ಅಳತೆ ಸಾಹೇಬ್ರೇ.

ಸಾಹೇಬರು: ಮೂವತ್ತನಾಲ್ಕು?

ಟೈಲರಣ್ಣ: ಅದು ಬಾಯಿ ಅಳತೆ.

ಹಾಗೆಂದರೇನೆಂದು ಸಾಹೇಬರು ಕೇಳಿದರು. ಟೈಲರಣ್ಣ ತಪ್ಪೊಪ್ಪಿಗೆಯ ದನಿಯಲ್ಲಿ ತಮ್ಮ ಕಸುಬಿನ ಮರ್ಯಾದೆಯನ್ನು ವಿವರಿಸಿದರು. ಅಂಗಡಿ ಹಾಕಿದ ಹೊಸತರಲ್ಲಿ ಒಬ್ಬ ಗಿರಾಕಿಗೆ ಇದ್ದದ್ದನ್ನು ಇದ್ದಂತೆ ಕೂಗಿ ಹೇಳಿದ್ದರು. ಆತ ಬಟ್ಟೆಯನ್ನು ಕಂಕುಳಲ್ಲಿಟ್ಟುಕೊಂಡು ಪಕ್ಕದ ಬೀದಿಯ ಟೈಲರಲ್ಲಿಗೆ ಹೋದ. ಎದ್ದು ಬಂದು ಎದೆಗೆ ಒದೆಯುವ ಸತ್ಯ ಯಾರಿಗೆ ಬೇಕು? ಅಂದಿನಿಂದ ಬಾಯಿಗೊಂದು ಅಳತೆ, ಕತ್ತರಿಗೊಂದು ಅಳತೆ. ಪುಸ್ತಕದಲ್ಲಿ ಬರೆಯುವುದು ಬಾಯಿಯ ಅಳತೆಯನ್ನೇ; ಅದರ ಪಕ್ಕದಲ್ಲಿ ಇಂಚಿಗೊಂದರಂತೆ ಚುಕ್ಕೆ. ಸಾಹೇಬರ ಹೆಸರಿನ ಮುಂದೆ ಈಗ ಏಳು ಚುಕ್ಕೆಗಳಿವೆ.

ಸಾಹೇಬರು: ಆ ಚುಕ್ಕೆ ನಾನು ನೋಡಿದ್ದೀನಿ. ಗುಂಡಿಗಳ ಲೆಕ್ಕ ಅಂತ ನೀನೇ ಅಂದಿದ್ದೆ.

ಟೈಲರಣ್ಣ: ಪ್ಯಾಂಟಿಗೆ ಏಳು ಗುಂಡಿ ಯಾರು ಇಡ್ತಾರೆ ಸಾಹೇಬ್ರೇ? ನೀವು ಒಪ್ಪಿಕೊಂಡ್ರಿ, ನಾನು ಸುಮ್ಮನಾದೆ.

ಸಾಹೇಬರು: ಮೂವತ್ತನಾಲ್ಕು ವರ್ಷ ಸರ್ವೀಸು. ಇಡೀ ಜಿಲ್ಲೆಯ ಕಳ್ಳ ಕಲ್ಲು, ಕಳ್ಳ ಮಾಪು ಹಿಡಿದವನು ನಾನು. ನನ್ನ ಮೈಗೇ ಕಳ್ಳ ಅಳತೆ ಸುತ್ತಿದ್ದೀಯಲ್ಲಯ್ಯಾ.

ಟೈಲರಣ್ಣ: ಪ್ರತಿ ವರ್ಷ ನೀವೇ ಬಂದು, ಒಗೆದು ಒಗೆದು ಬಟ್ಟೆ ಕುಗ್ಗಿದೆ, ಸ್ವಲ್ಪ ಬಿಚ್ಚಿಕೊಡು ಅಂತಿದ್ರಿ. ಬಟ್ಟೆ ಮೇಲೆ ನೀವು ಸುಳ್ಳು ದೂರು ಕೊಟ್ರಿ. ನಾನು ಬರೀ ಸಾಕ್ಷಿ ಹೇಳ್ದೆ.

ಪರದೆ ಸರಿಸಿದ್ದು ಸರಿಸಿದಂತೆಯೇ ಇತ್ತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರೆಂಬಂತೆ, ಬೆಂಚಿನ ಮೇಲಿದ್ದ ಗಂಡಸರೆಲ್ಲ ಮೆಲ್ಲಗೆ ತಮ್ಮ ತಮ್ಮ ಬೆಲ್ಟುಗಳನ್ನು ಮುಟ್ಟಿ ನೋಡಿಕೊಂಡರು. ಅವರಲ್ಲಿ ಅರ್ಧಕ್ಕೂ ಹೆಚ್ಚು ಜನ ಟೈಲರಣ್ಣನ ಗಿರಾಕಿಗಳು.

ಸಾಹೇಬರು ಮಾತ್ರ ಸ್ಟೂಲಿನ ಮೇಲೆ ಕುಳಿತರು. ಅವರ ದನಿ ತಗ್ಗಿತ್ತು.

ಸಾಹೇಬರು: ಅಣ್ಣನೂ ನಿನ್ನ ಹತ್ರಾನೇ ಹೊಲಿಸ್ತಿದ್ದ.

ಟೈಲರಣ್ಣ: ಹೌದು.

ಸಾಹೇಬರು: ಅವನಿಗೆ ಎಷ್ಟು ಚುಕ್ಕೆ?

ಟೈಲರಣ್ಣ: ಒಂಬತ್ತು.

ಟೈಲರಣ್ಣ ಟೇಪನ್ನು ಬೆರಳಿಗೆ ಸುತ್ತಿದರು, ಬಿಚ್ಚಿದರು, ಮತ್ತೆ ಸುತ್ತಿದರು. ನರ್ಸಮ್ಮನು ಕಾಗದದಲ್ಲಿ ನಲವತ್ತೊಂದೆಂದು ಬರೆದು, ಹತ್ತಿಗೆ ಸ್ಪಿರಿಟ್ ಹಾಕಿದಳು. ಆ ವಾಸನೆ ಮೂಗಿಗೆ ಬಡಿದ ಕೂಡಲೆ ಸಾಹೇಬರು ಎದ್ದು ನಿಂತು, ನಾಳೆ ಬರುವುದಾಗಿ ಹೇಳಿದರು.

ನರ್ಸಮ್ಮ: ಅಷ್ಟು ದೊಡ್ಡ ವ್ಯಾಪಾರಿಗಳಿಗೆ ಹೆದರದೇ ಇದ್ದವರು, ಇಷ್ಟು ಸಣ್ಣ ಸೂಜಿಗೆ ಹೆದರ್ತೀರಾ?

ಸಾಹೇಬರು: ಸೂಜಿಗಲ್ಲಮ್ಮಾ. ಆಮೇಲೆ ಬರೋ ರಿಪೋರ್ಟಿನ ಚೀಟಿಗೆ. ಅಣ್ಣನಿಗೂ ಮೊದಲು ಬಂದದ್ದು ಒಂದು ಚೀಟಿನೇ. ಆಮೇಲೆ ಬೆರಳು ಹೋಯ್ತು, ಆಮೇಲೆ ಪಾದ. ಈಗ ಚಪ್ಪಲಿ ಅಂಗಡಿಗೆ ಹೋದ್ರೆ, ಒಂದೇ ಚಪ್ಪಲಿ ಮಾರಲ್ಲ ಅಂತಾರೆ. ಬೇಡದ ಇನ್ನೊಂದನ್ನ ಮಂಚದ ಕೆಳಗೆ ಜೋಡಿಸಿಟ್ಟಿದ್ದಾನೆ.

ನರ್ಸಮ್ಮ: ಅಣ್ಣನವರು ಇಲ್ಲಿಗೆ ಬಂದದ್ದು ಕಾಲಿನ ಗಾಯ ಕೊಳೆತ ಮೇಲೆ. ಆ ಗಾಯಕ್ಕೆ ಮೊದಲ ಸಲ ಕಟ್ಟು ಹಾಕಿದವಳು ನಾನೇ. ಹತ್ತು ವರ್ಷ ಮೊದಲೇ ಆ ಚೀಟಿ ಬಂದಿದ್ರೆ ಅವರು ಇವತ್ತು ಜೋಡಿ ಚಪ್ಪಲಿ ಸವೆಸ್ತಿದ್ರು. ಸಕ್ಕರೆ ಇದ್ರೆ ಚೀಟಿ ಬಂದಾಗ ಬರೋದಲ್ಲ ಸಾಹೇಬ್ರೇ, ಆಗಲೇ ಬಂದಿರುತ್ತೆ. ಚೀಟಿ ಹೇಳುತ್ತೆ ಅಷ್ಟೆ.

ಸಾಹೇಬರು ಬಾಗಿಲ ಕಡೆಗೂ ಹೋಗಲಿಲ್ಲ, ಸ್ಟೂಲಿಗೂ ಮರಳಲಿಲ್ಲ. ಅಷ್ಟರಲ್ಲಿ ಒಳಕೋಣೆಯ ಬಾಗಿಲು ತೆರೆದು ಡಾಕ್ಟರು ಬಂದರು. ಗದ್ದಲವೇನೆಂದು ನರ್ಸಮ್ಮನಿಂದ ಕೇಳಿ ತಿಳಿದುಕೊಂಡು, ಸಾಹೇಬರಿಗೆ ದಿನವೂ ಎಲ್ಲ ರೋಗಿಗಳಿಗೂ ಹೇಳುವ ಬುದ್ಧಿವಾದವನ್ನು ಒಂದು ಅಕ್ಷರವೂ ಬಿಡದೆ ಒಪ್ಪಿಸಿದರು: ಹೊಟ್ಟೆಯ ಸುತ್ತ ಸೇರುವ ಕೊಬ್ಬೇ ಎಲ್ಲಕ್ಕಿಂತ ಕೆಟ್ಟದ್ದು, ದಿನಾ ನಡೆಯಬೇಕು, ಸಿಹಿ ಮತ್ತು ಕರಿದದ್ದು ಕಡಿಮೆ ಮಾಡಬೇಕು, ಎಲ್ಲಕ್ಕಿಂತ ಮೊದಲು ಮನುಷ್ಯ ತನ್ನ ಅಳತೆಯನ್ನು ತಾನು ಅರಿಯಬೇಕು. ಕೊನೆಯ ಮಾತು ಮುಗಿಯುವಷ್ಟರಲ್ಲಿ ಅವರ ದೃಷ್ಟಿ ಟೈಲರಣ್ಣನ ಮೇಲೆ ಬಿತ್ತು. ಮಾತು ನಿಂತಿತು. ಬಿಳಿ ಕೋಟಿನ ಗುಂಡಿಗಳನ್ನು ಹಾಕಿಕೊಳ್ಳಲು ನೋಡಿದರು; ನಡುವಿನದು ಎಟುಕಲಿಲ್ಲ.

ಡಾಕ್ಟರು: ಟೈಲರಣ್ಣ, ಹೋದ ತಿಂಗಳು ನನ್ನದು ಎಷ್ಟು ಅಂದ್ರಿ?

ಟೈಲರಣ್ಣ: ಮೂವತ್ತೆರಡು, ಡಾಕ್ಟ್ರೇ.

ಡಾಕ್ಟರು: ಚುಕ್ಕೆ?

ಟೈಲರಣ್ಣ ಮೇಲೆ ತಿರುಗುತ್ತಿದ್ದ ಫ್ಯಾನನ್ನು ನೋಡಿದರು.

ಟೈಲರಣ್ಣ: ನಿಮ್ಮ ಸಾಲಲ್ಲಿ ಜಾಗ ಸಾಲಲಿಲ್ಲ. ಕೆಳಗಿನ ಸಾಲಿಗೆ ಮುಂದುವರಿಸಿದ್ದೀನಿ.

ಮೊದಲು ನಕ್ಕವರು ಬೆಂಚಿನವರೋ ನರ್ಸಮ್ಮನೋ ಹೇಳುವುದು ಕಷ್ಟ. ಕೊನೆಗೆ ನಕ್ಕವರು ಸಾಹೇಬರು. ಆದರೆ ಬಹಳ ಹೊತ್ತು ನಕ್ಕವರೂ ಅವರೇ. ಕಣ್ಣೊರೆಸಿಕೊಂಡು ಸ್ಟೂಲಿನ ಮೇಲೆ ಕುಳಿತು, ಅಂಗಿಯ ತೋಳು ಮಡಿಸಿದರು.

ಸಾಹೇಬರು: ತಗೊಳ್ಳಿ ಸಿಸ್ಟರ್, ರಕ್ತ. ಬೇಗ ತಗೊಳ್ಳಿ, ನನಗೆ ಡ್ಯೂಟಿ ಇದೆ.

ನರ್ಸಮ್ಮ: ರಿಟೈರ್ ಆದವರಿಗೆ ಯಾವ ಡ್ಯೂಟಿ?

ಸಾಹೇಬರು: ಡಾಕ್ಟ್ರು ಆ ಕೋಟು ತೆಗೆದು ಈ ಕಡೆ ನಿಲ್ಲಲಿ. ಟೈಲರಣ್ಣ, ಟೇಪು ನನ್ನ ಕೈಗೆ ಕೊಡು. ಡಾಕ್ಟ್ರೇ, ಉಸಿರು ಬಿಡಿ.

ಹತ್ತು ಗಂಟೆಗೆ ಸಾಹೇಬರು ಚಹ ಕುಡಿಯಲು ಮನೆಗೆ ಹೋದರು. ಅವರು ಬಿಟ್ಟುಹೋದವು ಇಷ್ಟು: ಎರಡು ಸಣ್ಣ ಗಾಜಿನ ಕೊಳವೆಗಳಲ್ಲಿ ರಕ್ತ, ಸಕ್ಕರೆ ಇದ್ದರೂ ಇಲ್ಲದಿದ್ದರೂ ಚೀಟಿಯನ್ನು ತಮ್ಮ ಕೈಗೇ ಕೊಡಬೇಕೆಂಬ ಲಿಖಿತ ಕೋರಿಕೆ, ಸರದಿಯಲ್ಲಿ ನಿಂತು ಸೊಂಟ ಅಳೆಸಿಕೊಳ್ಳಲು ಕಾದಿರುವ ಹನ್ನೊಂದು ಗಂಡಸರು, ಅವರಿಗೆ ಬಾಯಿಯಳತೆ ಬಿಟ್ಟು ಕತ್ತರಿಯಳತೆಯನ್ನೇ ಕೂಗಿ ಹೇಳುವ ಶಿಕ್ಷೆಗೆ ಗುರಿಯಾದ ಒಬ್ಬ ಟೈಲರು, ಮತ್ತು ಡಾಕ್ಟರ ಮೇಜಿನ ಗಾಜಿನ ಕೆಳಗೆ, ದುಂಡು ಅಕ್ಷರಗಳಲ್ಲಿ ಬರೆದ ಒಂದು ನೋಟೀಸು: 'ಹೇಳಿಕೆಯ ಪ್ರಕಾರ ಮೂವತ್ತೆರಡು. ಸ್ಥಳ ತಪಾಸಣೆಯಲ್ಲಿ ಕಂಡದ್ದು ನಲವತ್ತಾರು. ಮೂರು ತಿಂಗಳೊಳಗೆ ಸರಿಪಡಿಸತಕ್ಕದ್ದು. ನಾಳೆ ಬೆಳಿಗ್ಗೆ ಆರು ಗಂಟೆಗೆ ವಾಕಿಂಗ್‌ಗೆ ಹೊರಡಲು ಸಿದ್ಧವಾಗಿ ತಮ್ಮ ಮನೆಯ ಬಾಗಿಲಲ್ಲಿ ಹಾಜರಿರಬೇಕು. ನಾವಿಬ್ಬರೂ ಒಟ್ಟಿಗೆ ನಡೆಯುವುದು, ಯಾರೂ ಚೌಕಾಸಿ ಮಾಡಿ ದಾರಿ ಕಡಿಮೆ ಮಾಡತಕ್ಕದ್ದಲ್ಲ.'